ಜಾಮೀನಿನ ಜಗಳದಲ್ಲಿ ಯಾರೂ ಓದದ ಕಾಗದ: ದರ್ಶನ್ ಪ್ರಕರಣದ ಆದೇಶಗಳನ್ನು ಕುರಿತು ಒಂದು ಟಿಪ್ಪಣಿ

ನಟ ದರ್ಶನ್ ಎರಡನೇ ಆರೋಪಿಯಾಗಿರುವ ಕೊಲೆ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಿಂದ 2025ರ ಆಗಸ್ಟ್‌ವರೆಗೆ ಜಾಮೀನಿನ ಬಗ್ಗೆ ನಾಲ್ಕು ಮುಖ್ಯ ಆದೇಶಗಳು ಬಂದವು. ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ 2024ರ ಅಕ್ಟೋಬರ್ 14ರಂದು ಜಾಮೀನು ನಿರಾಕರಿಸಿತು. ಅದೇ ತಿಂಗಳ 30ರಂದು ಹೈಕೋರ್ಟ್ ಬೆನ್ನುಹುರಿಯ ಚಿಕಿತ್ಸೆಗೆಂದು ಆರು ವಾರಗಳ ಮಧ್ಯಂತರ ಜಾಮೀನು ಕೊಟ್ಟಿತು. ಡಿಸೆಂಬರ್ 13ರಂದು ಅದೇ ಹೈಕೋರ್ಟ್ ದರ್ಶನ್ ಸೇರಿ ಏಳು ಮಂದಿಗೆ ಪೂರ್ಣ ಪ್ರಮಾಣದ ಜಾಮೀನು ನೀಡಿತು. ರಾಜ್ಯ ಸರ್ಕಾರ ಮೇಲ್ಮನವಿ ಹೋಯಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಏಳೂ ಮಂದಿಯ ಜಾಮೀನನ್ನು ರದ್ದು ಮಾಡಿತು. ಅದೇ ದಿನ ಪೊಲೀಸರು ಆರೋಪಿಗಳನ್ನು ಮತ್ತೆ ವಶಕ್ಕೆ ತೆಗೆದುಕೊಂಡರು.

ಈ ಪ್ರತಿ ಆದೇಶದ ದಿನವೂ ಟಿ.ವಿ. ಚಾನೆಲ್‌ಗಳಲ್ಲಿ, ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ ಕನ್ನಡಿಗರು ಜಾಮೀನಿನ ಬಗ್ಗೆ ಮಾತಾಡಿದರು. ಕಾನೂನಿನ ಇಷ್ಟು ಒಣ ವಿಷಯವೊಂದು ಮನೆಮಾತಾಗುವುದು ಅಪರೂಪ. ಆ ಮಾತಿನ ಗುಣ ಏನಿತ್ತು, ಆದೇಶಗಳಲ್ಲಿ ನಿಜಕ್ಕೂ ಏನಿತ್ತು, ಎರಡರ ನಡುವೆ ಬಿಟ್ಟುಹೋದದ್ದು ಯಾವುದು ಎಂಬುದನ್ನು ಗುರುತಿಸುವುದು ಈ ಟಿಪ್ಪಣಿಯ ಉದ್ದೇಶ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸುಪ್ರೀಂ ಕೋರ್ಟ್ ಜಾಮೀನು ರದ್ದು ಮಾಡಿದ್ದು ಸಮರ್ಥನೀಯ. ಆದರೆ ಆ ತೀರ್ಪಿನ ಒಂದು ಭಾಗ, ಬಂಧಿತನಿಗೆ ಬಂಧನದ ಆಧಾರವನ್ನು ಲಿಖಿತವಾಗಿ ಕೊಡಬೇಕೇ ಎಂಬ ಭಾಗ, ದರ್ಶನ್‌ಗಿಂತ ನೂರು ಪಾಲು ಹೆಚ್ಚಾಗಿ ಹೆಸರಿಲ್ಲದ ಬಂಧಿತರಿಗೆ ಸಂಬಂಧಿಸಿದ್ದು. ಫಲಿತಾಂಶದಿಂದ ಸಂತೋಷಪಟ್ಟವರೂ ನೊಂದವರೂ ಅದನ್ನು ಓದಲೇ ಇಲ್ಲ.

ಕೊಲೆಯಾದ ಯುವಕನ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಆ ಹೆಸರನ್ನು ಹಿಡಿದು ಸಾಮಾಜಿಕ ಜಾಲತಾಣಗಳಲ್ಲಿ ಆಡಿದ ಮಾತುಗಳು ಅವನ ಮನೆಯವರಿಗೆ ಸಾಕಾಗಿವೆ. ಇನ್ನೊಂದು ಮಾತು: ಮೊಕದ್ದಮೆ ವಿಚಾರಣೆಯ ಹಂತದಲ್ಲಿದೆ. 2025ರ ನವೆಂಬರ್ 3ರಂದು 17 ಆರೋಪಿಗಳ ಮೇಲೆ ದೋಷಾರೋಪ ನಿಗದಿಯಾಯಿತು. ಅವರು ಆರೋಪ ಒಪ್ಪಿಕೊಳ್ಳಲಿಲ್ಲ. ಇಲ್ಲಿ ಹೇಳುವ ಯಾವ ಮಾತೂ ತಪ್ಪು ಯಾರದು ಎಂಬುದರ ಬಗ್ಗೆ ಅಲ್ಲ.

ಪ್ರಕರಣದ ಹೊರಗೆರೆ ಎಲ್ಲರಿಗೂ ಗೊತ್ತಿರುವುದೇ. ಚಿತ್ರದುರ್ಗದ ಯುವಕನೊಬ್ಬ ಮೊದಲ ಆರೋಪಿಯಾದ ನಟಿಗೆ ಅಶ್ಲೀಲ ಸಂದೇಶ ಕಳಿಸುತ್ತಿದ್ದ, ಅದಕ್ಕಾಗಿ ಅವನನ್ನು ಅಪಹರಿಸಿ ಬೆಂಗಳೂರಿಗೆ ತಂದು, ಪಟ್ಟಣಗೆರೆಯ ಶೆಡ್ಡೊಂದರಲ್ಲಿ ಹೊಡೆದು ಕೊಂದರು ಎಂಬುದು ಪೊಲೀಸರ ಆರೋಪ. ಶವ 2024ರ ಜೂನ್ 9ರಂದು ಸುಮನಹಳ್ಳಿ ಬಳಿಯ ರಾಜಕಾಲುವೆಯ ಹತ್ತಿರ ಸಿಕ್ಕಿತು. ಜೂನ್ 11ರಂದು ದರ್ಶನ್ ಅವರನ್ನು ಮೈಸೂರಿನಲ್ಲಿ ಬಂಧಿಸಿದರು. ಸೆಪ್ಟೆಂಬರ್ 4ರಂದು 3,991 ಪುಟಗಳ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಅದರಲ್ಲಿ 231 ಸಾಕ್ಷಿಗಳಿದ್ದರು.

ಈ ಸೆಪ್ಟೆಂಬರ್ 4 ಎಂಬ ತಾರೀಖಿನ ಮಹತ್ವ ಚರ್ಚೆಯಲ್ಲಿ ಎಲ್ಲೂ ಬರಲಿಲ್ಲ. ಕೊಲೆಯಂಥ ಅಪರಾಧದಲ್ಲಿ ಬಂಧಿತನನ್ನು ಮ್ಯಾಜಿಸ್ಟ್ರೇಟರು ಮೊದಲ ಸಲ ವಶಕ್ಕೆ ಒಪ್ಪಿಸಿದ 90 ದಿನದೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ, ಜಾಮೀನು ಅವನ ಹಕ್ಕಾಗುತ್ತದೆ. ಆಗ ಆರೋಪ ಎಷ್ಟು ಘೋರ, ಆರೋಪಿ ಎಷ್ಟು ಪ್ರಭಾವಿ ಎಂದು ನೋಡುವಂತಿಲ್ಲ. ಪೊಲೀಸರು ಪಟ್ಟಿ ಸಲ್ಲಿಸುವ ಹೊತ್ತಿಗೆ ಬಂಧನವಾಗಿ 85 ದಿನಗಳಾಗಿದ್ದವು. ಇನ್ನೊಂದು ವಾರ ತಡವಾಗಿದ್ದರೆ ಮುಂದಿನ ಹತ್ತು ತಿಂಗಳ ವಾದವಿವಾದಕ್ಕೆ ಬಹುಶಃ ಎಡೆಯೇ ಇರುತ್ತಿರಲಿಲ್ಲ. ಜಾಮೀನನ್ನು ನಾವು ಆರೋಪಿಯ ಯೋಗ್ಯತೆಗೆ ಸಿಗುವ ಬಹುಮಾನವೆಂದೋ ಸಿಗದ ಶಿಕ್ಷೆಯೆಂದೋ ತಿಳಿಯುತ್ತೇವೆ. ಕಾನೂನು ಅದನ್ನು ಮೊದಲು ಗಡಿಯಾರ ನೋಡಿ ಅಳೆಯುತ್ತದೆ.

ಜನ ಏನು ಮಾತಾಡಿದರು? ಮೂರು ಎಳೆಗಳು ಎದ್ದು ಕಾಣುತ್ತವೆ. ಒಂದು, ಅಭಿಮಾನಿಗಳದು: ‘ಬಾಸ್’ ಹಾಗೆ ಮಾಡುವವರಲ್ಲ, ಮಾಡಿದ್ದರೂ ಸತ್ತವನು ಮಾಡಿದ್ದೇನು ಕಡಿಮೆಯೇ ಎಂಬುದು. ಪರಪ್ಪನ ಅಗ್ರಹಾರ ಜೈಲಿನಲ್ಲಿ ದರ್ಶನ್‌ಗೆ ಕೊಟ್ಟ ವಿಚಾರಣಾಧೀನ ಕೈದಿ ಸಂಖ್ಯೆ 6106 ಆಟೊಗಳ ಹಿಂದೆ, ಬೈಕುಗಳ ಮೇಲೆ ಸ್ಟಿಕ್ಕರ್ ಆಯಿತು; ಕೆಲವರು ಮೈಮೇಲೆ ಹಚ್ಚೆ ಹಾಕಿಸಿಕೊಂಡರು; ಕೂಸಿಗೆ ಕೈದಿ ಬಟ್ಟೆ ತೊಡಿಸಿ, ಅದರ ಮೇಲೆ ಆ ಸಂಖ್ಯೆ ಬರೆಸಿ ಫೋಟೊ ತೆಗೆಸಿದವರೂ ಇದ್ದರು. ಎರಡನೆಯದು ಸಿಟ್ಟಿನ ಎಳೆ: ಬಡವನಾಗಿದ್ದರೆ ಬೇಲ್ ಸಿಗುತ್ತಿತ್ತೇ, ದುಡ್ಡಿದ್ದವನಿಗೊಂದು ಕಾನೂನು ಇಲ್ಲದವನಿಗೊಂದು ಕಾನೂನೇ ಎಂಬುದು. ಮೂರನೆಯದು ನೋವಿನದು, ಚಿತ್ರದುರ್ಗದ ಆ ಕುಟುಂಬದ ಪರವಾಗಿ ನಿಂತದ್ದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ವಿಚಾರಣೆಯ ಸುದ್ದಿಯನ್ನು ಹಂಚಿಕೊಂಡು, ಆ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದು ನಟಿ ರಮ್ಯಾ ಬರೆದರು. ಅದಕ್ಕೆ ಉತ್ತರವಾಗಿ ಬಂದ ಬೈಗುಳ, ಬೆದರಿಕೆಗಳು ಎಷ್ಟು ಕೀಳಾಗಿದ್ದವೆಂದರೆ ಅವರು ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಡಬೇಕಾಯಿತು. ಕೆಲವರ ಬಂಧನವೂ ಆಯಿತು.

ಈ ಮೂರೂ ಎಳೆಗಳಲ್ಲಿ ಎರಡನೆಯದೇ ಹೆಚ್ಚು ಗಂಭೀರವಾದದ್ದು, ಅದನ್ನು ಕೊನೆಯಲ್ಲಿ ಎತ್ತಿಕೊಳ್ಳುತ್ತೇನೆ. ಆದರೆ ಮೂರಕ್ಕೂ ಸಮಾನವಾದ ಒಂದು ಗುಣವಿದೆ. ಎಲ್ಲರೂ ಮಾತಾಡಿದ್ದು ಮನುಷ್ಯರ ಬಗ್ಗೆ: ಆರೋಪಿ ಎಂಥವನು, ಸತ್ತವನು ಎಂಥವನು, ನ್ಯಾಯಾಧೀಶರು ಎಂಥವರು. ಸತ್ತವನ ನಡತೆ ಹೇಗೇ ಇದ್ದಿರಲಿ, ಅದು ಜಾಮೀನಿನ ತೂಕಕ್ಕೆ ಬರುವ ಸಂಗತಿಯಲ್ಲ. ಒಬ್ಬ ಹೆಣ್ಣುಮಗಳಿಗೆ ಅಶ್ಲೀಲ ಸಂದೇಶ ಬಂದರೆ ದೂರು ಕೊಡಲು ಸೈಬರ್ ಠಾಣೆ ಇದೆ. ಇಷ್ಟು ಸರಳ ಮಾತನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದು ನನಗೆ ಇಂದಿಗೂ ಸಂಕಟದ ವಿಷಯ.

ಹೈಕೋರ್ಟಿನ ಡಿಸೆಂಬರ್ ಆದೇಶ ನಿಂತದ್ದು ಬೇರೆ ನೆಲದ ಮೇಲೆ. ಅದರ ಒಂದು ಮುಖ್ಯ ಆಧಾರ, ಬಂಧನದ ಹೊತ್ತಿನಲ್ಲಿ ಆರೋಪಿಗಳಿಗೆ ಬಂಧನದ ಆಧಾರಗಳನ್ನು ಬರವಣಿಗೆಯಲ್ಲಿ ಸರಿಯಾಗಿ ಕೊಟ್ಟಿರಲಿಲ್ಲ ಎಂಬುದು. ಇನ್ನೊಂದು, ಪ್ರತ್ಯಕ್ಷ ಸಾಕ್ಷಿಗಳ ಹೇಳಿಕೆಗಳನ್ನು ಪೊಲೀಸರು ತಡವಾಗಿ ದಾಖಲಿಸಿದ್ದಾರೆ ಎಂಬುದು. ಮೊದಲನೆಯದನ್ನು ಅರ್ಥಮಾಡಿಕೊಳ್ಳಲು ಠಾಣೆಯ ಒಂದು ಕಾಗದವನ್ನು ಹತ್ತಿರದಿಂದ ನೋಡಬೇಕು.

ಅದು ಅರೆಸ್ಟ್ ಮೆಮೊ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಇದನ್ನು ಕಡ್ಡಾಯ ಮಾಡಿತು. ಅಚ್ಚಾದ ಒಂದು ನಮೂನೆ. ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ. ಬಂಧಿಸಿದ ಜಾಗ, ದಿನ, ಗಂಟೆ. ಯಾರಿಗೆ ವಿಷಯ ತಿಳಿಸಲಾಯಿತು. ಕೆಳಗೆ ಸಾಕ್ಷಿಯ ಸಹಿ, ಬಂಧಿತನ ಸಹಿ ಅಥವಾ ಹೆಬ್ಬೆಟ್ಟು. ನಡುವೆ ಎಲ್ಲೋ ಬಂಧನದ ಕಾರಣಕ್ಕೆಂದು ಒಂದೆರಡು ಗೆರೆ ಜಾಗ. ಅಲ್ಲಿ ಸಾಮಾನ್ಯವಾಗಿ ಇರುವುದು ಅಪರಾಧ ಸಂಖ್ಯೆ, ಸೆಕ್ಷನ್‌ಗಳ ಸಾಲು, ತನಿಖೆಗೆ ಬೇಕಾಗಿರುವುದರಿಂದ ಎಂಬ ಅರ್ಥದ ಒಂದು ವಾಕ್ಯ. ಇದನ್ನು ಓದಿದವನಿಗೆ ತಾನು ಯಾವ ಕಾಯಿದೆಯಡಿ ಸಿಕ್ಕಿಬಿದ್ದಿದ್ದೇನೆ ಎಂದು ಗೊತ್ತಾಗುತ್ತದೆ. ತಾನೇ ಏಕೆ, ತನ್ನ ಮೇಲೆ ಏನಿದೆ ಎಂದು ಗೊತ್ತಾಗುವುದಿಲ್ಲ. ಸಂವಿಧಾನದ 22(1)ನೇ ವಿಧಿ ಬಂಧಿತನಿಗೆ ಆದಷ್ಟು ಬೇಗ ತಿಳಿಸಬೇಕೆನ್ನುವುದು ಈ ಎರಡನೆಯದನ್ನು. ರಾತ್ರಿ ಹಿಡಿದು ತಂದ ಬಂಧಿತ ಬೆಳಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಅವನ ವಕೀಲರ ಕೈಯಲ್ಲಿ ಅದು ಇದ್ದರೆ ಮಾತ್ರ ರಿಮ್ಯಾಂಡನ್ನು, ಅಂದರೆ ವಶಕ್ಕೆ ಒಪ್ಪಿಸುವ ಆದೇಶವನ್ನು, ವಿರೋಧಿಸಲು ಸಾಧ್ಯ. ಇಲ್ಲದಿದ್ದರೆ ವಕೀಲರಿಗೂ ಕತ್ತಲು.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ನಿಲುವು ಮೂರು ವರ್ಷಗಳಲ್ಲಿ ಬೇಗಬೇಗ ಬೆಳೆಯಿತು. 2023ರ ಅಕ್ಟೋಬರ್‌ನಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ, ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯಡಿ ಬಂಧಿಸುವಾಗ ಆಧಾರಗಳನ್ನು ಲಿಖಿತವಾಗಿ ಕೊಡಲೇಬೇಕು ಎಂದಿತು. 2024ರ ಮೇನಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಅದನ್ನು ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯ (ಯುಎಪಿಎ) ಬಂಧನಗಳಿಗೂ ಅನ್ವಯಿಸಿತು. ಎಲ್ಲರಿಗೂ ಹೊಂದುವ ಸಾಮಾನ್ಯ ಕಾರಣಗಳು ಬೇರೆ, ಈ ವ್ಯಕ್ತಿಗೇ ಸಂಬಂಧಿಸಿದ ಆಧಾರಗಳು ಬೇರೆ ಎಂಬ ಭೇದವನ್ನು ಸ್ಪಷ್ಟಪಡಿಸಿದ್ದು ಅಲ್ಲಿಯೇ. 2025ರ ಫೆಬ್ರುವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ, ಯಾವ ಅಪರಾಧವೇ ಆಗಲಿ ಆಧಾರ ತಿಳಿಸುವುದು ಕಡ್ಡಾಯ, ತಿಳಿಸಿದ್ದೇವೆಂದು ಸಾಬೀತು ಮಾಡುವ ಹೊಣೆ ಪೊಲೀಸರದೇ, ಲಿಖಿತವಾಗಿ ಕೊಡುವುದು ಉತ್ತಮ ಮಾರ್ಗ ಎಂದಿತು. ದರ್ಶನ್ ಬಂಧನವಾದ 2024ರ ಜೂನ್, ಈ ಸರಣಿಯ ಮಧ್ಯದಲ್ಲಿ ಬರುತ್ತದೆ. ಕೊಲೆಯಂಥ ಸಾಮಾನ್ಯ ದಂಡಸಂಹಿತೆಯ ಅಪರಾಧಕ್ಕೆ ಲಿಖಿತ ಆಧಾರ ಬೇಕೇ ಎಂಬುದು ಆಗಿನ್ನೂ ತೀರ್ಮಾನವಾಗಿರಲಿಲ್ಲ. ಹೈಕೋರ್ಟ್ ಬೇಕು ಎಂಬ ಕಡೆಗೆ ವಾಲಿತು.

ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಈ ವಾದವನ್ನು ಒಪ್ಪಲಿಲ್ಲ. ಬರವಣಿಗೆಯಲ್ಲಿ ಕೊಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಬಂಧನ ಅಕ್ರಮವಾಗುವುದಿಲ್ಲ; ಅದರಿಂದ ಆರೋಪಿಗೆ ನಿಜವಾಗಿ ಬಾಧಕವಾಗಿದೆ ಎಂದು ತೋರಿಸಬೇಕು; ಇವರಿಗೆ ಮೊದಲಿನಿಂದಲೂ ವಕೀಲರಿದ್ದರು, ತಮ್ಮ ಮೇಲಿನ ಆರೋಪ ಏನೆಂದು ಗೊತ್ತಿತ್ತು, ಆಗ ಎತ್ತದ ತಕರಾರನ್ನು ನಂತರ ಎತ್ತಿದ್ದಾರೆ ಎಂಬುದು ಅದರ ತರ್ಕದ ಸಾರ.

ಈ ಆರೋಪಿಗಳ ಮಟ್ಟಿಗೆ ಈ ಮಾತು ಸರಿಯಾಗಿಯೇ ಕೇಳಿಸುತ್ತದೆ. ದರ್ಶನ್‌ಗೆ ತಮ್ಮನ್ನು ಏಕೆ ಹಿಡಿದರು ಎಂದು ತಿಳಿಯದೆ ಹೋಯಿತು ಎಂದರೆ ನಂಬುವುದು ಕಷ್ಟ. ಆ ದಿನ ರಾಜ್ಯಕ್ಕೆಲ್ಲ ಅದು ತಿಳಿದಿತ್ತು. ತೊಡಕಿರುವುದು ಸೂತ್ರದಲ್ಲಿ. ಬಾಧಕವಾಗಿದೆ ಎಂದು ತೋರಿಸಬೇಕಾದವನು ಬಂಧಿತ ಎಂದಾದರೆ, ಅದನ್ನು ತೋರಿಸಲು ಅವನಿಗೆ ವಕೀಲರು ಬೇಕು, ದಾಖಲೆ ಬೇಕು, ಸಮಯ ಬೇಕು. ಯಾರಿಗೆ ಇವು ಮೂರೂ ಇವೆಯೋ ಅವರಿಗೆ ಬಾಧಕವಾಗಿರುವ ಸಾಧ್ಯತೆಯೇ ಕಡಿಮೆ. ಯಾರಿಗೆ ನಿಜಕ್ಕೂ ಬಾಧಕವಾಗಿದೆಯೋ ಅವರ ಬಳಿ ಅದನ್ನು ಹೇಳಿಕೊಳ್ಳುವ ದಾರಿಯೇ ಇರುವುದಿಲ್ಲ. ಪ್ರಸಿದ್ಧನೊಬ್ಬನ ಮೊಕದ್ದಮೆಯಲ್ಲಿ ರೂಪುಗೊಂಡ ಸೂತ್ರ ಹೀಗೆ ಅಪ್ರಸಿದ್ಧನ ತಲೆಯ ಮೇಲೆ ಕೂರುತ್ತದೆ. ಆಗಸ್ಟ್ 14ರ ಸಂಜೆ ಚಾನೆಲ್‌ಗಳು ಈ ಭಾಗವನ್ನು ಕೈಬಿಟ್ಟು, ಎಷ್ಟೇ ಜನಪ್ರಿಯನಾದರೂ ಕಾನೂನಿಗಿಂತ ಮೇಲಲ್ಲ ಎಂಬ ಮಾತನ್ನೇ ಎತ್ತಿ ಹಿಡಿದವು. ಆ ಮಾತು ಸತ್ಯ, ಬೇಕಾದದ್ದು. ಆದರೆ ಅದಕ್ಕೆ ಹೊಸ ತೀರ್ಪು ಬೇಕಿರಲಿಲ್ಲ.

ರದ್ದತಿಯನ್ನು ಸಮರ್ಥಿಸುವ ಬಲವಾದ ಕಾರಣ ಬೇರೆ ಇತ್ತು. ಜಾಮೀನು ಕೊಡುವಾಗ ನ್ಯಾಯಾಲಯ ನೋಡಬೇಕಾದ ಸಂಗತಿಗಳನ್ನು ಸುಪ್ರೀಂ ಕೋರ್ಟ್ 2010ರ ಪ್ರಶಾಂತ ಕುಮಾರ್ ಸರ್ಕಾರ್ ಪ್ರಕರಣದಲ್ಲಿ ಹೇಳಿಟ್ಟಿದೆ: ಮೇಲ್ನೋಟಕ್ಕೆ ಆರೋಪ ನಂಬುವಂತಿದೆಯೇ, ಅದು ಎಷ್ಟು ಗಂಭೀರ, ಆರೋಪಿ ಓಡಿಹೋಗಬಹುದೇ, ಸಾಕ್ಷಿಗಳ ಮೇಲೆ ಪ್ರಭಾವ ಬೀರಬಹುದೇ ಇತ್ಯಾದಿ. ಹೈಕೋರ್ಟ್ ಇವನ್ನು ತೂಗುವ ಬದಲು ಸಾಕ್ಷಿಗಳ ಹೇಳಿಕೆಗಳ ವಿಶ್ವಾಸಾರ್ಹತೆಯನ್ನೇ ಅಳೆಯಲು ಹೋಯಿತು, ವಿಚಾರಣಾ ನ್ಯಾಯಾಲಯ ಮಾಡಬೇಕಾದ ಕೆಲಸವನ್ನು ಜಾಮೀನಿನ ಹಂತದಲ್ಲಿ ತಾನೇ ಮಾಡಿತು ಎಂಬುದು ಪೀಠದ ಆಕ್ಷೇಪ. ಇದನ್ನು ನಾನು ಒಪ್ಪುತ್ತೇನೆ. ಪಾಟೀ ಸವಾಲಿಗೆ ಒಳಗಾಗದ ಹೇಳಿಕೆಯನ್ನು ಹೈಕೋರ್ಟೇ ಸಂಶಯಿಸಿ ಬರೆದರೆ, ಮುಂದೆ ಆ ಸಾಕ್ಷಿ ಕಟಕಟೆ ಹತ್ತುವಾಗ ಅವನ ಮಾತಿಗೆ ಮೊದಲೇ ಮಸಿ ಹತ್ತಿರುತ್ತದೆ. ಕೆಳ ನ್ಯಾಯಾಲಯದ ನ್ಯಾಯಾಧೀಶರೂ ಮನುಷ್ಯರೇ.

ಇಲ್ಲೊಂದು ಭೇದವನ್ನು ಗಮನಿಸಬೇಕು, ಪತ್ರಿಕೆಗಳು ಎರಡಕ್ಕೂ ‘ಜಾಮೀನು ರದ್ದು’ ಎಂಬ ಒಂದೇ ತಲೆಬರಹ ಕೊಟ್ಟದ್ದರಿಂದ. ಕೊಟ್ಟ ಆದೇಶವೇ ತಪ್ಪು ಎಂದು ಮೇಲಿನ ನ್ಯಾಯಾಲಯ ಅದನ್ನು ಅಳಿಸಿಹಾಕುವುದು ಒಂದು ಬಗೆ. ಆದೇಶ ಸರಿಯಾಗಿಯೇ ಇತ್ತು, ಆದರೆ ಹೊರಗೆ ಬಂದ ಮೇಲೆ ಆರೋಪಿ ಷರತ್ತು ಮುರಿದ ಎಂದು ಜಾಮೀನನ್ನು ಹಿಂದೆಗೆದುಕೊಳ್ಳುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಉದಾಹರಣೆಯೂ ಕರ್ನಾಟಕದ್ದೇ, ಅದೇ ವರ್ಷದ್ದೇ. ಧಾರವಾಡದಲ್ಲಿ 2016ರ ಜೂನ್‌ನಲ್ಲಿ ಜಿಲ್ಲಾ ಪಂಚಾಯಿತಿ ಸದಸ್ಯ ಯೋಗೇಶಗೌಡ ಅವರ ಕೊಲೆಯಾಯಿತು. ಆ ಪ್ರಕರಣದಲ್ಲಿ ಸಿಬಿಐ ಬಂಧಿಸಿದ್ದ ರಾಜಕಾರಣಿ ವಿನಯ ಕುಲಕರ್ಣಿ ಅವರಿಗೆ ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಷರತ್ತುಬದ್ಧ ಜಾಮೀನು ಕೊಟ್ಟಿತ್ತು. ಧಾರವಾಡ ಜಿಲ್ಲೆಗೆ ಕಾಲಿಡಬಾರದು ಎಂಬುದು ಷರತ್ತುಗಳಲ್ಲೊಂದು. 2023ರ ವಿಧಾನಸಭಾ ಚುನಾವಣೆಯಲ್ಲಿ ಅವರು ಕ್ಷೇತ್ರಕ್ಕೆ ಹೋಗದೆಯೇ ಗೆದ್ದರು. 2025ರ ಜೂನ್ 6ರಂದು, ಸಾಕ್ಷಿಗಳನ್ನು ಸಂಪರ್ಕಿಸಲು ಪ್ರಯತ್ನಿಸಿದ್ದಾರೆ ಎನ್ನಲು ದಾಖಲೆಯಲ್ಲಿ ಸಾಕಷ್ಟು ಅಂಶಗಳಿವೆ ಎಂದು ಸುಪ್ರೀಂ ಕೋರ್ಟ್ ಆ ಜಾಮೀನನ್ನು ರದ್ದುಪಡಿಸಿ, ಒಂದು ವಾರದಲ್ಲಿ ಶರಣಾಗಲು ಹೇಳಿತು. ಅಲ್ಲಿ ಜಾಮೀನು ಹೋದದ್ದು ಆರೋಪಿಯ ನಡೆ ಎಂದು ಹೇಳಲಾದ ಸಂಗತಿಯಿಂದ. ದರ್ಶನ್ ಪ್ರಕರಣದಲ್ಲಿ ಮುಖ್ಯವಾಗಿ ಆದೇಶದ ದೋಷದಿಂದ. ಈ ಭೇದ ಬಿಟ್ಟುಹೋದರೆ ದರ್ಶನ್ ಜಾಮೀನು ರದ್ದಾದದ್ದನ್ನೇ ಅಪರಾಧಕ್ಕೆ ಸಾಕ್ಷಿ ಎಂಬಂತೆ ಓದುವ ಅಪಾಯವಿದೆ. ಹಾಗೆ ಓದಿದವರು ಬಹಳ ಮಂದಿ.

ಪ್ರಭಾವದ ಪ್ರಶ್ನೆ ಇದಕ್ಕಿಂತ ಜಟಿಲ. 2024ರ ಆಗಸ್ಟ್ ಕೊನೆಯಲ್ಲಿ ಪರಪ್ಪನ ಅಗ್ರಹಾರದ ಹುಲ್ಲುಹಾಸಿನಲ್ಲಿ ದರ್ಶನ್ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಮಗ್ಗು ಮತ್ತು ಸಿಗರೇಟು ಹಿಡಿದು, ಇತರರ ಜತೆ ಕೂತ ಫೋಟೊ ಹೊರಬಂತು. ಜೈಲಿನ ಹಲವು ಅಧಿಕಾರಿ ಸಿಬ್ಬಂದಿ ಅಮಾನತಾದರು. ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಕಳಿಸಿದರು. ಈ ಫೋಟೊ ಜಾಮೀನಿನ ವಿರುದ್ಧದ ದೊಡ್ಡ ವಾದವಾಯಿತು. ಜೈಲಿನಲ್ಲೇ ಇಷ್ಟು ನಡೆಸಿಕೊಳ್ಳುವವರು ಹೊರಗೆ ಬಂದರೆ ಸಾಕ್ಷಿಗಳ ಗತಿ ಏನು ಎಂಬುದು. ಕೇಳಿದ ತಕ್ಷಣ ಒಪ್ಪಿಬಿಡುವಂಥ ವಾದ. ಆದರೆ ಯೋಚಿಸಿ ನೋಡಿದರೆ ಅದಕ್ಕೆ ಎರಡು ಬಾಯಿ. ಪ್ರಭಾವ ಕಂಬಿಯ ಒಳಗಿಂದಲೂ ಕೆಲಸ ಮಾಡುತ್ತದೆ ಎಂದಾದರೆ, ಒಳಗಿಟ್ಟ ಮಾತ್ರಕ್ಕೆ ಸಾಕ್ಷಿಗಳು ಸುರಕ್ಷಿತ ಎನ್ನುವುದು ಹೇಗೆ? ಸುಪ್ರೀಂ ಕೋರ್ಟ್ ಇದನ್ನು ಕಂಡಿತ್ತೆಂದು ತೋರುತ್ತದೆ. ಇನ್ನು ಮುಂದೆ ಆರೋಪಿಗಳಿಗೆ ವಿಶೇಷ ಉಪಚಾರ ನಡೆದದ್ದು ಗೊತ್ತಾದರೆ ಜೈಲಿನ ಅಧೀಕ್ಷಕರನ್ನೇ ಮೊದಲು ಅಮಾನತು ಮಾಡಿಸುವುದಾಗಿ ಅದು ಎಚ್ಚರಿಸಿತು.

ಅಭಿಮಾನಿಗಳ ನಡತೆಯನ್ನು ಆರೋಪಿಯ ಖಾತೆಗೆ ಬರೆಯಬಹುದೇ? ರಮ್ಯಾ ಅವರಿಗೆ ಬಂದ ಬೆದರಿಕೆಯನ್ನು ಹಲವರು ಜಾಮೀನು ರದ್ದತಿಗೆ ಕಾರಣವೆಂದೇ ವಾದಿಸಿದರು. ಆರೋಪಿ ಪ್ರೇರೇಪಿಸಿದ ಎನ್ನಲು ಪುರಾವೆ ಇಲ್ಲದೆ ಹಾಗೆ ಮಾಡುವಂತಿಲ್ಲ ಎಂಬುದು ನನ್ನ ಅಭಿಪ್ರಾಯ. ಇಲ್ಲವಾದರೆ ಯಾರ ಸ್ವಾತಂತ್ರ್ಯವೂ ಅವನ ಹೆಸರು ಹೇಳುವ ಮೂರನೆಯವನ ಕೈಗೆ ಸಿಕ್ಕೀತು. ಆದರೆ ಆ ಬೆದರಿಕೆಗಳು ಒಂದು ಸತ್ಯವನ್ನು ತೋರಿಸಿಕೊಟ್ಟವು. ಹೆಸರು, ಅಂತಸ್ತು, ರಾಜಕೀಯದ ಬೆಂಬಲ ಎಲ್ಲ ಇರುವ ಮಾಜಿ ಸಂಸದೆಗೇ ಒಂದು ಸಾಲು ಬರೆದದ್ದಕ್ಕೆ ಇಷ್ಟಾದರೆ, ದೋಷಾರೋಪ ಪಟ್ಟಿಯಲ್ಲಿರುವ 231 ಮಂದಿಯಲ್ಲಿ ಕೂಲಿ ಮಾಡುವ ಒಬ್ಬನ ಎದೆ ಹೇಗೆ ಬಡಿದುಕೊಂಡಿರಬೇಡ? ಇದಕ್ಕೆ ಉತ್ತರ ಜಾಮೀನಿನ ಆದೇಶದಲ್ಲಿಲ್ಲ. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯವಾಗುವಂತೆ ಮಾಡಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಸೆಕ್ಷನ್ ಪ್ರತಿ ರಾಜ್ಯವೂ ಇಂಥ ಯೋಜನೆ ರೂಪಿಸಬೇಕೆನ್ನುತ್ತದೆ. ಜಾಮೀನು ಕೊಡಿ, ಕೊಡಬೇಡಿ ಎಂದು ಕೂಗಿದಷ್ಟು ದನಿಯಲ್ಲಿ ಸಾಕ್ಷಿಗಳಿಗೆ ರಕ್ಷಣೆ ಕೊಡಿ ಎಂದು ಯಾರೂ ಕೇಳಲಿಲ್ಲ.

ವೈದ್ಯಕೀಯ ಜಾಮೀನಿನ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಶಸ್ತ್ರಚಿಕಿತ್ಸೆ ಆಗಬೇಕೆಂದು ಮಧ್ಯಂತರ ಜಾಮೀನು ಸಿಕ್ಕಿತು, ಶಸ್ತ್ರಚಿಕಿತ್ಸೆ ಆಗಲಿಲ್ಲ, ಆರು ವಾರ ಮುಗಿಯುವ ಹೊತ್ತಿಗೆ ಪೂರ್ಣ ಜಾಮೀನು ಬಂತು. ಸುಪ್ರೀಂ ಕೋರ್ಟ್ ಈ ವೈದ್ಯಕೀಯ ನೆಪವನ್ನು ನಂಬಲಿಲ್ಲ, ಜನರೂ ನಂಬಲಿಲ್ಲ. ಇದರಿಂದಾದ ನಷ್ಟ ನಿಜವಾದ ರೋಗಿಗಳದು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿತರಾದ, ಹಿಂದೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಸ್ಟ್ಯಾನ್ ಸ್ವಾಮಿ ಪಾರ್ಕಿನ್ಸನ್ ಕಾಯಿಲೆಯಿಂದ ಲೋಟ ಹಿಡಿಯಲಾರದೆ ಸಿಪ್ಪರ್ ಮತ್ತು ಸ್ಟ್ರಾ ಕೇಳಿದರು. ವೈದ್ಯಕೀಯ ಜಾಮೀನಿನ ಅರ್ಜಿ ಬಾಂಬೆ ಹೈಕೋರ್ಟಿನಲ್ಲಿ ಬಾಕಿಯಿರುವಾಗಲೇ 2021ರ ಜುಲೈ 5ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಮುಂದಿನ ಸಲ ಅಂಥವರೊಬ್ಬರ ಅರ್ಜಿ ಬಂದಾಗ ನ್ಯಾಯಾಧೀಶರ ಮನಸ್ಸಿನಲ್ಲಿ ಸುಳ್ಳು ಬೆನ್ನುನೋವಿನ ಸಂಶಯ ಮೊದಲು ಏಳಬಾರದು.

ಜನಾಭಿಪ್ರಾಯ ಎತ್ತ ವಾಲುತ್ತದೆ ಎಂಬುದು ಆರೋಪಿ ಯಾರು ಎಂಬುದರ ಮೇಲೆ ಹೇಗೆ ನಿಂತಿದೆ ಎನ್ನಲು ಪತ್ರಕರ್ತೆ ಗೌರಿ ಲಂಕೇಶ್ ಅವರ ಕೊಲೆ ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಬೇಕು. 2017ರ ಸೆಪ್ಟೆಂಬರ್ 5ರಂದು ನಡೆದ ಆ ಕೊಲೆಯ ಆರೋಪಿಗಳಲ್ಲಿ ಒಬ್ಬರಿಗೆ ಕರ್ನಾಟಕ ಹೈಕೋರ್ಟ್ 2023ರ ಡಿಸೆಂಬರ್‌ನಲ್ಲಿ ಜಾಮೀನು ಕೊಟ್ಟಿತು. ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. 527 ಸಾಕ್ಷಿಗಳ ಪೈಕಿ ಆಗ 90 ಮಂದಿಯ ವಿಚಾರಣೆ ಮಾತ್ರ ಮುಗಿದಿತ್ತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಜಾಮೀನಿಗೆ ಕೈಹಾಕಲಿಲ್ಲ. ಮುಂದೆ ಇತರ ಆರೋಪಿಗಳಿಗೂ ಜಾಮೀನು ಸಿಗುತ್ತ ಬಂತು. ಆ ಅಕ್ಟೋಬರ್‌ನಲ್ಲಿ ಹೊರಬಂದ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ ಸನ್ಮಾನ ಮಾಡಿದರು. ಕೊಲೆ ಆರೋಪಿಗೆ ಜಾಮೀನು ಸಿಕ್ಕಿದ್ದನ್ನು ಗೆಲುವೆಂದು ಮೆರೆಸುವುದರಲ್ಲಿ 6106ರ ಸ್ಟಿಕ್ಕರಿಗೂ ಆ ಹಾರಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಅತ್ತ ಗೌರಿ ಪ್ರಕರಣದ ಜಾಮೀನನ್ನು ಖಂಡಿಸಿದ ನಮ್ಮಂಥವರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೆ: ವಿಚಾರಣೆಯೇ ನಡೆಯದೆ ವರ್ಷಗಟ್ಟಲೆ ಒಳಗಿಡುವುದು ತಪ್ಪು ಎಂದು ಭೀಮಾ ಕೋರೆಗಾಂವ್ ಆರೋಪಿಗಳ ವಿಷಯದಲ್ಲಿ ಹೇಳಿದ್ದನ್ನು ಇಲ್ಲಿ ನುಂಗಿಕೊಳ್ಳಬಹುದೇ? ಗೌರಿಯವರಿಗೆ ಆದ ಅನ್ಯಾಯ ಜಾಮೀನಿನದಲ್ಲ. ಏಳು ವರ್ಷ ಕಳೆದರೂ ವಿಚಾರಣೆ ಮುಗಿಯದೆ ಇದ್ದದ್ದು.

ಇನ್ನು ಸಿಟ್ಟಿನ ಎಳೆ: ಬಡವನಾಗಿದ್ದರೆ ಬೇಲ್ ಸಿಗುತ್ತಿತ್ತೇ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ 2022ರ ಕೊನೆಯ ಸ್ಥಿತಿಯ ಬಗ್ಗೆ ಕೊಟ್ಟ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಶೇ 75.8. ಇವರಲ್ಲಿ ಜಾಮೀನಿನ ಆದೇಶ ಸಿಕ್ಕಿಯೂ ಹೊರಬರಲಾಗದವರಿದ್ದಾರೆ. ದರ್ಶನ್‌ಗೆ ಹೈಕೋರ್ಟ್ ವಿಧಿಸಿದ್ದು ಒಂದು ಲಕ್ಷ ರೂಪಾಯಿ ಬಾಂಡ್, ಇಬ್ಬರ ಶೂರಿಟಿ. ಅವರಿಗೆ ಅದು ಒಂದು ಮಧ್ಯಾಹ್ನದ ಕೆಲಸ. ನಮ್ಮ ಯಾವುದೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಶೂರಿಟಿ ಕೊಡಲು ಬಂದವರನ್ನು ಗಮನಿಸಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹೊಸದಾಗಿ ತೆಗೆಸಿದ ಪಹಣಿ, ಆಧಾರ್ ನಕಲು, ಪಾಸ್‌ಪೋರ್ಟ್ ಅಳತೆಯ ಫೋಟೊ, ನೋಟರಿ ಮಾಡಿಸಿದ ಅಫಿಡವಿಟ್. ಪಹಣಿಯಲ್ಲಿ ಅಪ್ಪನ ಹೆಸರೇ ಇನ್ನೂ ಇದ್ದರೆ ಪೌತಿ ಖಾತೆ ಆಗಿಲ್ಲವೆಂದು ವಾಪಸ್. ಜಮೀನಿನ ಮೇಲೆ ಸೊಸೈಟಿ ಸಾಲವಿದ್ದರೆ ಬೆಲೆ ಸಾಲದು. ಬೇರೆ ಯಾರಿಗಾದರೂ ಶೂರಿಟಿ ನಿಂತಿದ್ದೀರಾ ಎಂದು ಕೇಳಿದಾಗ ತಡವರಿಸಿದರೆ ಸಂಶಯ. ಊರಲ್ಲಿ ಕಳ್ಳತನದ ಆರೋಪ ಹೊತ್ತವನಿಗೆ ಪಹಣಿ ಹಿಡಿದು ಬರುವ ನೆಂಟ ಸಿಗುವುದೇ ಕಷ್ಟ. ಸಿಕ್ಕರೂ ಒಂದು ದಿನದ ಕೂಲಿ, ಬಸ್ ಚಾರ್ಜು, ಊಟ ಯಾರು ಕೊಡಬೇಕು?

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1978ರಲ್ಲಿ ಮೋತಿರಾಮ್ ಪ್ರಕರಣದಲ್ಲಿ ಇದನ್ನೇ ಎತ್ತಿಕೊಂಡಿದ್ದರು. ಮೋತಿರಾಮ್ ಮಧ್ಯಪ್ರದೇಶದ ಒಬ್ಬ ಬಡ ಗಾರೆಕೆಲಸದವನು. ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟ ಮೇಲೂ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಶೂರಿಟಿ ಕೇಳಿದರು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಮುಂದೆ ಬಂದಾಗ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತರ್‌ನಲ್ಲೋ ಪಹಲ್‌ಗಾಮ್‌ನಲ್ಲೋ ಬಂಧಿತನಾದರೆ ಅಲ್ಲಿ ಆಸ್ತಿ ಇರುವ ಶೂರಿಟಿಯನ್ನು ಎಲ್ಲಿಂದ ತರಬೇಕು ಎಂದು ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕೇಳಿ, ಮೋತಿರಾಮನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ಹೀಗಾಗಿ ಸಿಟ್ಟಿನ ಎಳೆಯಲ್ಲಿ ಸತ್ಯವಿದೆ. ಆದರೆ ಅದು ಹಿಡಿದ ದಾರಿ ತಪ್ಪು. ಬಡವನಿಗೆ ಸಿಗದ ಜಾಮೀನು ಸಿರಿವಂತನಿಗೂ ಸಿಗದಿದ್ದರೆ ಸಮಾನತೆ ಬಂತು ಎಂಬ ಸಮಾಧಾನದಲ್ಲಿ ಆ ಸಿಟ್ಟು ಆಗಸ್ಟ್ 14ರಂದು ತಣ್ಣಗಾಯಿತು. ಬಡವನಿಗೂ ಸಿಗಬೇಕು ಎಂಬಲ್ಲಿಗೆ ತಲುಪಲಿಲ್ಲ.

ಬಂಧನದ ಆಧಾರದ ಕಾಗದಕ್ಕೆ ಮುಂದೇನಾಯಿತು ಎಂಬುದನ್ನು ಹೇಳದೆ ಈ ಟಿಪ್ಪಣಿ ಪೂರ್ತಿಯಾಗದು. ದರ್ಶನ್ ತೀರ್ಪು ಬಂದು ಮೂರು ತಿಂಗಳೂ ಆಗಿರಲಿಲ್ಲ. 2025ರ ನವೆಂಬರ್ 6ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಎ.ಜಿ. ಮಸೀಹ್ ಅವರ ಪೀಠ, ಮುಂಬೈನ ವರ್ಲಿಯ ಕಾರು ಅಪಘಾತದಿಂದ ಹುಟ್ಟಿದ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಯಾವ ಕಾಯಿದೆಯ ಯಾವ ಅಪರಾಧವೇ ಆಗಲಿ ಬಂಧನದ ಆಧಾರಗಳನ್ನು ಬರವಣಿಗೆಯಲ್ಲಿ ಕೊಡಲೇಬೇಕು ಎಂದಿತು. ಸ್ಥಳದಲ್ಲೇ ಕೊಡಲಾಗದಿದ್ದರೆ ಬಾಯಲ್ಲಿ ಹೇಳಿ, ನಂತರ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಲಿಖಿತವಾಗಿ ಕೊಡಬೇಕು. ಕೊಡದಿದ್ದರೆ ಬಂಧನವೂ ರಿಮ್ಯಾಂಡೂ ಅಕ್ರಮ. ತೀರ್ಪು ಮುಂದಿನ ಬಂಧನಗಳಿಗೆ ಅನ್ವಯಿಸುವುದರಿಂದ ದರ್ಶನ್ ಪ್ರಕರಣದ ಮೇಲೆ ಪರಿಣಾಮವಿಲ್ಲ. ಇದೂ ಸಿರಿವಂತ ಮನೆತನದ ಆರೋಪಿಯೊಬ್ಬನ ಮೇಲ್ಮನವಿಯಿಂದ ಬಂದದ್ದೇ ಎಂಬುದನ್ನು ಮರೆಯಬಾರದು. ಹಕ್ಕುಗಳು ಎಷ್ಟೋ ಸಲ ನಮಗೆ ಇಷ್ಟವಿಲ್ಲದವರ ಮೊಕದ್ದಮೆಗಳಿಂದಲೇ ಗಟ್ಟಿಯಾಗುತ್ತವೆ. ಹೈಕೋರ್ಟಿನ ಡಿಸೆಂಬರ್ ಆದೇಶ ಸಾಕ್ಷ್ಯದ ವಿಷಯದಲ್ಲಿ ಎಡವಿದ್ದರೂ, ಈ ಒಂದು ಅಂಶದಲ್ಲಿ ಕಾನೂನು ಹೊರಟಿದ್ದ ದಿಕ್ಕನ್ನು ಮೊದಲೇ ಗುರುತಿಸಿತ್ತು ಎನ್ನಲು ಅಡ್ಡಿಯಿಲ್ಲ.

ಆ ನವೆಂಬರ್ ತೀರ್ಪಿನಲ್ಲಿ ಇನ್ನೊಂದು ಷರತ್ತಿದೆ: ಆಧಾರಗಳು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಇದನ್ನು ಪಾಲಿಸುವುದು ಬೆಂಗಳೂರಿನಲ್ಲಿ ಸುಲಭವಲ್ಲ. ಪೀಣ್ಯದ ಶೆಡ್ಡುಗಳಲ್ಲಿ, ವೈಟ್‌ಫೀಲ್ಡಿನ ಕಟ್ಟಡಗಳಲ್ಲಿ ದುಡಿಯುವವರು ಒಡಿಯಾ, ಬಂಗಾಳಿ, ಅಸ್ಸಾಮಿ, ಹಿಂದಿ ಮಾತಾಡುತ್ತಾರೆ. ಠಾಣೆಯ ನಮೂನೆ ಕನ್ನಡದಲ್ಲಿದೆ, ರಿಮ್ಯಾಂಡ್ ಅರ್ಜಿ ಕೆಲವೊಮ್ಮೆ ಇಂಗ್ಲಿಷಿನಲ್ಲಿ. ಗೋವಾ, ಮಹಾರಾಷ್ಟ್ರಗಳಿಗೆ ಕೂಲಿಗೆ ಹೋಗುವ ವಿಜಯಪುರ, ಯಾದಗಿರಿ ಕಡೆಯ ಕನ್ನಡಿಗರು ಅಲ್ಲಿ ಎದುರಿಸುವುದೂ ಇದನ್ನೇ. ಹಾಜರುಪಡಿಸುವ ಎರಡು ಗಂಟೆ ಮೊದಲೇ ಅನುವಾದ ಮಾಡಿಕೊಡುವವರು ಯಾರು, ಅವರಿಗೆ ಸಂಬಳ ಯಾರು ಕೊಡುತ್ತಾರೆ, ಅನುವಾದ ತಪ್ಪಾದರೆ ಹೊಣೆ ಯಾರದು ಎಂಬುದನ್ನು ಪೊಲೀಸ್ ಇಲಾಖೆ ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಕೂತು ತೀರ್ಮಾನಿಸಬೇಕು. ಆ ತೀರ್ಪಿನ ನಂತರ ನಮ್ಮ ಠಾಣೆಗಳು ಬರೆದ ಅರೆಸ್ಟ್ ಮೆಮೊಗಳನ್ನು ಮಾಹಿತಿ ಹಕ್ಕಿನಡಿ ಪಡೆದು, ಹೆಸರು ಅಳಿಸಿ, ಜಿಲ್ಲೆವಾರು ಓದುವ ಕೆಲಸವನ್ನು ಕಾನೂನು ವಿದ್ಯಾರ್ಥಿಗಳು ಕೈಗೆತ್ತಿಕೊಂಡರೆ, ಕಾರಣಕ್ಕೆಂದು ಬಿಟ್ಟ ಆ ಎರಡು ಗೆರೆಗಳಲ್ಲಿ ಈಗ ಏನು ಬರೆಯುತ್ತಿದ್ದಾರೆ ಎಂಬುದು ತಿಳಿಯುತ್ತದೆ.